ಕಕ್ಕಡದಲ್ಲಿ ಖಾಲಿ ಬೀಳುವ ಸಮಾಜದ ಸಭಾಂಗಣಗಳಲ್ಲಿ ಗುರಿ ಅಭ್ಯಾಸ ನಡೆಯಲಿ

ಮಾನ್ಯ ಸಂಪಾದಕರೇ,

ಕೊಡಗಿನ ಕೋವಿಯ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಸುಗ್ಗಿಯ ಹಬ್ಬ ಹುತ್ತರಿಗಳ ಸಮಯದಲ್ಲಿ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟವರ ಚಿತ್ರದೊಂದಿಗೆ, ಇಲ್ಲವೇ ಕಾಫಿ ತೋಟದಲ್ಲಿ ಯಾರಾದರೂ ಗುಂಡೇಟಿಗೆ ಬಲಿಯಾದಾಗ. ವರ್ಷದ ಉಳಿದ ದಿನಗಳಲ್ಲಿ ಕೋವಿಯನ್ನು ಹವ್ಯಾಸವಾಗಿ ಇಟ್ಟುಕೊಂಡವರು ಅದನ್ನು ಹೇಗೆ ಬಿಚ್ಚಿ ಒರೆಸುತ್ತಾರೆ, ಹಳೆಯ ನಳಿಗೆಯ ಮೇಲಿನ ಮುದ್ರೆಗಳನ್ನು ಹೇಗೆ ಓದುತ್ತಾರೆ, ಗುರಿ ಹಿಡಿಯುವುದನ್ನು ಎಲ್ಲಿ ಕಲಿಯುತ್ತಾರೆ ಎಂಬ ವಿಚಾರ ಹೊರಗಿನವರಿಗೆ ಮಾತ್ರವಲ್ಲ, ನಮ್ಮ ಮನೆಗಳ ಹುಡುಗ ಹುಡುಗಿಯರಿಗೂ ತಿಳಿಯದಂತಾಗಿದೆ. ಗೋಡೆಯ ಮೇಲಿನ ಕೋವಿಯನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ, ಹೂ ಮುಡಿಸಿ, ಪೂಜಿಸಿ, ಮರುದಿನ ಮತ್ತೆ ಅಲ್ಲಿಗೇ ಏರಿಸುವ ಮನೆಗಳು ಹೆಚ್ಚುತ್ತಿರುವುದನ್ನು ಕಂಡು, ಇದೇ ಹವ್ಯಾಸದಲ್ಲಿ ಬೆಳೆದ ಒಬ್ಬ ಕಾಫಿ ಬೆಳೆಗಾರನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ನಮ್ಮಲ್ಲಿ ಮದುವೆ ಮುಂಜಿಗಳು ನಡೆಯುವುದಿಲ್ಲ. ಊರೂರಿನ ಸಮಾಜಗಳ, ಅಂದರೆ ಸಮುದಾಯ ಸಂಘಗಳ, ಸಭಾಂಗಣಗಳು, ಕಲ್ಯಾಣ ಮಂಟಪಗಳು ಆಗ ಬೀಗ ಹಾಕಿಕೊಂಡು ನಿಂತಿರುತ್ತವೆ. ಆ ಒಂದು ತಿಂಗಳು ಅಲ್ಲಿ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸವನ್ನೂ ಕೋವಿಯ ಆರೈಕೆ ಹಾಗೂ ಸುರಕ್ಷತೆಯ ಪಾಠವನ್ನೂ ನಡೆಸಬೇಕು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ವೇಳೆಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಲ್ಲುವವರು ಕಲಿತವರಾಗಿರಬೇಕು. ಇದಕ್ಕೆ ಸರ್ಕಾರದ ಅನುದಾನಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ.

ಕಾನೂನಿನ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಈ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ಶಸ್ತ್ರ ಹೊಂದಲು ನೀಡಿದ ವಿನಾಯಿತಿ, ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರ ಅಧಿಸೂಚನೆಯ ಮೂಲಕ ಮುಂದುವರಿಯಿತು. ಅದು ಕೊಡವರಿಗೆ ಮಾತ್ರ ಸೀಮಿತವಲ್ಲ. ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಇರುವವರು ಯಾವ ಸಮುದಾಯದವರಾದರೂ ಅದರ ವ್ಯಾಪ್ತಿಗೆ ಬರುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದರೆ ಅವಧಿ ಮುಗಿಯುವ ದಿನ ದೂರವಿಲ್ಲ. ಮುಂದಿನ ಬಾರಿ ಈ ಪ್ರಶ್ನೆ ದೆಹಲಿಯ ಮೇಜಿಗೆ ಹೋದಾಗ, ಇವರು ಕೋವಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಕೇಳುವವರಿಗೆ ತೋರಿಸಲು ನಮ್ಮ ಬಳಿ ಮೆರವಣಿಗೆಯ ಚಿತ್ರಗಳಿಗಿಂತ ಹೆಚ್ಚಿನದೇನಾದರೂ ಇರಬೇಕೆಂಬುದು ನನ್ನ ಕಳಕಳಿ.

ಈಗ ಹವ್ಯಾಸದ ಮಾತಿಗೆ ಬರುತ್ತೇನೆ. ಕೊಡಗಿನಲ್ಲಿ ಕೋವಿಯ ದೊಡ್ಡ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ನಮ್ಮ ಮನೆಗಳಲ್ಲಿ, ಒಂದು ವಾರ ಮರೆತರೂ ನಳಿಗೆಯ ಮೇಲೆ ಕೆಂಪು ಪುಡಿ ಕೂರುತ್ತದೆ. ಚರ್ಮದ ಚೀಲದಲ್ಲಿ ಹಾಕಿಟ್ಟರೆ ಭದ್ರ ಎಂದು ಅನೇಕರು ನಂಬಿದ್ದಾರೆ. ಆದರೆ ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಕೋವಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬೀಗವಿರುವ, ಗಾಳಿಯಾಡುವ ಮರದ ಕಪಾಟು, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು, ತೋಟಾಗಳಿಗೆ (ಕಾಡತೂಸುಗಳಿಗೆ) ಬೇರೆಯೇ ಬೀಗದ ಪೆಟ್ಟಿಗೆ, ಇಷ್ಟು ಇದ್ದರೆ ಸಾಕು.

ಒರೆಸುವ ಕೆಲಸಕ್ಕೆ ಒಂದು ಕ್ರಮವಿದೆ. ಜೋಡಿ ನಳಿಗೆಯ 12 ಬೋರ್ ಕೋವಿಯಾದರೆ ಮೊದಲು ಅದನ್ನು ಮಡಚಿ, ಎರಡೂ ನಳಿಗೆ ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಬೆರಳು ತೂರಿಸಿ ಖಚಿತಪಡಿಸಿಕೊಳ್ಳಬೇಕು. ಕೋವಿ ಖಾಲಿ ಇದೆ ಎಂದು ಬೇರೆಯವರು ಹೇಳಿದರೂ, ಕೊಟ್ಟವರು ಹೆತ್ತ ತಂದೆಯೇ ಆದರೂ, ಕೈಗೆ ಬಂದೊಡನೆ ಮತ್ತೆ ನೋಡಲೇಬೇಕು. ಆಮೇಲೆ ಕೆಳಗಿನ ಮರದ ಹಿಡಿಯನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಚೆನ್ನಾಗಿರುವ ನಳಿಗೆಯೊಳಗೆ ಬೆಳಕಿನ ಉಂಗುರಗಳು ಒಂದರೊಳಗೊಂದು ತುದಿಯವರೆಗೂ ಸಾಗುವುದು ಕಾಣುತ್ತದೆ. ತುಕ್ಕು ತಿಂದ ಕಡೆ ಆ ಉಂಗುರ ಒಡೆದು ಕಪ್ಪು ಚುಕ್ಕೆ ಮೂಡಿರುತ್ತದೆ. ತೋಟಾ ಇಡುವ ತುದಿಯಿಂದ ಬಾಯಿಯ ಕಡೆಗೆ ಸಲಾಕೆಯಲ್ಲಿ ಬಟ್ಟೆಯ ತುಣುಕು ತಳ್ಳಿದರೆ ಮೊದಲನೆಯದು ಮಸಿಗಪ್ಪಾಗಿ ಬರುತ್ತದೆ, ಮುಂದಿನವು ಕಂದು ಬಣ್ಣಕ್ಕೆ ತಿರುಗುತ್ತವೆ, ಬಟ್ಟೆ ಹೋದ ಹಾಗೆಯೇ ಬೆಳ್ಳಗೆ ಹೊರಬರುವವರೆಗೂ ಕೈ ನಿಲ್ಲಿಸಬಾರದು. ಕೊನೆಗೆ ತೆಳುವಾದ ಎಣ್ಣೆಯ ಪಸೆ ಸಾಕು. ಧಾರಾಳವಾಗಿ ಸುರಿದರೆ ಕೋವಿ ನಿಲ್ಲಿಸಿಟ್ಟಾಗ ಎಣ್ಣೆ ಕೆಳಗಿಳಿದು ಹಿಡಿಯ ಮರಕ್ಕೆ ಸೇರಿ, ವರ್ಷಗಳು ಕಳೆದಂತೆ ಆ ಮರ ಮೆತ್ತಗಾಗಿ ಬಿರುಕು ಬಿಡುತ್ತದೆ. ಹಳಬರಲ್ಲಿ ಕೆಲವರು ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು ಇದೇ ಕಾರಣಕ್ಕೆ.

ಕರಿಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯಾದರೆ ಆ ದಿನವೇ ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಬೇಕು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಒಂದು ಈಡು ಹೊಡೆದು, ಊಟ ಮುಗಿಸಿ ಮಲಗಿ, ವಾರ ಬಿಟ್ಟು ನೆನಪಾದಾಗ ನೋಡಿದರೆ ನಾಲ್ಕು ತಲೆಮಾರು ಬಾಳಿದ ನಳಿಗೆಯೂ ಹಾಳಾಗಿರುತ್ತದೆ.

ಹಳೆಯ ಕೋವಿಗಳನ್ನು ಸಂಗ್ರಹಿಸುವವರ ಕೆಲಸದಲ್ಲಿ ಬಹುಪಾಲು ಮುದ್ರೆಗಳ ಓದು ಮತ್ತು ನಳಿಗೆಯ ಪರೀಕ್ಷೆ. ನಳಿಗೆಯ ಅಡಿಭಾಗದ ಚಪ್ಪಟೆ ಜಾಗದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಒತ್ತಿದ ಮುದ್ರೆಗಳಿರುತ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಸಂಸ್ಥೆ ಆ ನಳಿಗೆಯನ್ನು ಎಷ್ಟು ಒತ್ತಡಕ್ಕೆ, ಯಾವ ಮದ್ದಿಗೆ ಪರೀಕ್ಷಿಸಿತ್ತು ಎಂಬುದು ಅಲ್ಲಿ ಬರೆದಿರುತ್ತದೆ. ಬೆಲ್ಜಿಯಂನ ಲಿಯೇಜ್ ನಗರದ್ದಾದರೆ ಅಂಡಾಕಾರದೊಳಗೆ ಇ.ಎಲ್.ಜಿ. ಎಂಬ ಅಕ್ಷರಗಳು ಕಾಣುತ್ತವೆ. ಭೂತಗನ್ನಡಿ ಹಿಡಿದು ಇವನ್ನು ಓದುವುದರಲ್ಲಿ ನನಗಂತೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಈ ಓದು ಬರೀ ಕುತೂಹಲದ್ದಲ್ಲ, ಪ್ರಾಣದ ವಿಷಯವೂ ಹೌದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಅವುಗಳ ಮೈಮೇಲಿನ ಅಲೆಯಲೆಯ ಚಿತ್ತಾರ ಕಣ್ಣಿಗೆ ಹಬ್ಬವೇ ಸರಿ, ಆದರೆ ಇಂದಿನ ಹೊಗೆರಹಿತ ಮದ್ದಿನ ತೋಟಾವನ್ನು ಅವುಗಳಲ್ಲಿ ಹಾಕಿ ಹೊಡೆದರೆ ನಳಿಗೆ ಸೀಳಿ ಎಡಗೈಯ ಬೆರಳುಗಳನ್ನು ಕೊಂಡೊಯ್ಯಬಹುದು. ಹಾಗೆಯೇ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ ತೋಟಾಕ್ಕೆಂದು ಮಾಡಿದವು. ಇಂದು ಅಂಗಡಿಯಲ್ಲಿ ಸಿಗುವ ಎರಡೂಮುಕ್ಕಾಲು ಅಂಗುಲದ, ಅಂದರೆ 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಅದರ ಉದ್ದ ಪೂರ್ತಿಯಾಗುವುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲೆ. ಬಿಚ್ಚಿಕೊಳ್ಳಲು ಜಾಗವಿಲ್ಲದಾಗ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಒಳಗೆ ಹೋಯಿತು ಎಂದ ಮಾತ್ರಕ್ಕೆ ಸರಿಹೊಂದಿತು ಎಂದು ತಿಳಿಯುವವರು ನಮ್ಮ ನಡುವೆ ಎಷ್ಟಿಲ್ಲ! ಅಜ್ಜನ ಕಾಲದ ಕೋವಿಯನ್ನು ಹೊಡೆಯುವ ಮೊದಲು ತಿಳಿದವರ ಕೈಯಲ್ಲಿ ಅಳೆಸಬೇಕು ಎಂಬ ಒಂದು ಮಾತು ಪ್ರತಿ ಐನ್‌ಮನೆಗೂ (ಕುಟುಂಬದ ಮೂಲ ಮನೆಗೂ) ತಲುಪಿದರೆ ಈ ಪತ್ರದ ಅರ್ಧ ಕೆಲಸ ಆದಂತೆ.

ಸಂಗ್ರಹಕಾರರ ಇನ್ನೊಂದು ಸಂಕಟವನ್ನೂ ಇಲ್ಲಿ ಹೇಳಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿದಾರರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ವಂಶಪಾರಂಪರ್ಯವಾಗಿ ಬಂದವೂ ಆ ಮಿತಿಯೊಳಗೇ ಬರಬೇಕು. ಕಾನೂನನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹೆಚ್ಚುವರಿಯಾದ ಕೋವಿ ಯಾರದು, ಯಾವ ಕಾಲದ್ದು, ಮನೆಗೆ ಹೇಗೆ ಬಂತು ಎಂದು ಒಂದು ಸಾಲನ್ನೂ ಬರೆದಿಡದೆ, ಚಿತ್ರವನ್ನೂ ತೆಗೆಯದೆ ಒಪ್ಪಿಸಿಬಿಡುವುದು ನೋವಿನ ಸಂಗತಿ. ದುರಸ್ತಿ ಮಾಡಿದರೂ ಹೊಡೆಯಲು ಬಾರದ, ಪುರಾತನ ಮೌಲ್ಯವಿರುವ ಆಯುಧಗಳಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಇದು ಗೊತ್ತಿಲ್ಲದೆ ತುಕ್ಕು ಹಿಡಿದ ಕೇಪಿನ ಕೋವಿಯನ್ನು ಗುಜರಿಗೆ ಹಾಕಿದವರೂ ಇದ್ದಾರೆ, ಇದನ್ನೇ ನೆಪ ಮಾಡಿಕೊಂಡು ಹೊಡೆಯಲು ಬರುವ ಕೋವಿಯನ್ನು ಪುರಾತನ ವಸ್ತುವೆಂದು ಗೋಡೆಗೆ ತೂಗುಹಾಕಿದವರೂ ಇದ್ದಾರೆ, ಎರಡನೆಯದು ಅಪರಾಧ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು 2021ರಲ್ಲಿ ಉದ್ಘಾಟನೆಗೊಂಡ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ ನಮ್ಮಲ್ಲಿವೆ. ಮನೆಯಲ್ಲಿ ಉಳಿಸಿಕೊಳ್ಳಲಾಗದ ಹಳೆಯ ಕೋವಿಯನ್ನು ಏನು ಮಾಡುವುದೆಂದು ತೋಚದಿದ್ದಾಗ, ಕಾನೂನುಬದ್ಧವಾಗಿ ಅಲ್ಲಿಗೆ ಸೇರಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಇನ್ನು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೈಲ್‌ಪೊಳ್ದ್ ದಿನ ಪೂಜೆ ಮುಗಿಸಿ, ಕೋವಿಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು ತೆಗೆದಿಟ್ಟು, ಕಡಂಬಿಟ್ಟು ಪಂದಿ ಕರಿಯ ಊಟವಾದ ಮೇಲೆ ಊರವರು ಕೂಡುವ ಬಯಲಾದ ಮಂದ್‌ನಲ್ಲಿ ಸೇರುವ ಸಂಭ್ರಮ ನಮಗೆಲ್ಲರಿಗೂ ಗೊತ್ತಿರುವುದೇ. ಇತ್ತೀಚಿನ ವರ್ಷಗಳಲ್ಲಿ ಪಾಯಿಂಟ್ 22 ರೈಫಲ್, 12 ಬೋರ್, ಏರ್‌ಗನ್ ಎಂದು ವಿಭಾಗಗಳನ್ನು ಮಾಡಿ, ಹೆಣ್ಣುಮಕ್ಕಳೂ ಮಕ್ಕಳೂ ಭಾಗವಹಿಸುವಂತೆ ಸಂಘ ಸಂಸ್ಥೆಗಳು ಇದನ್ನು ನಡೆಸುತ್ತಿರುವುದು ಬಹಳ ಸಂತೋಷದ ವಿಷಯ. ಪಾಯಿಂಟ್ 22ರ ಗುಂಡು ತಾಗಿದ ಕಾಯಿ ಒಡೆದು ಬೀಳಬೇಕೆಂದಿಲ್ಲ. ಚಿಕ್ಕ ತೂತಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಲು ಎಲ್ಲರೂ ಕತ್ತೆತ್ತಿ ಕಾಯುವ ಆ ಒಂದೆರಡು ಕ್ಷಣಗಳ ಮೌನಕ್ಕೆ ಬೇರೆ ಯಾವ ಆಟದಲ್ಲೂ ಸಾಟಿಯಿಲ್ಲವೆಂದು ನಾನು ಭಾವಿಸುತ್ತೇನೆ.

ಆದರೆ ಅದೇ ಗುಂಡು ಕಾಯಿಗೆ ತಾಗದಿದ್ದರೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವವರು ಕಡಿಮೆ. ಬೆರಳಿನ ಉಗುರಿನಷ್ಟು ಕಾಣುವ ಪಾಯಿಂಟ್ 22ರ ಸೀಸದ ಗುಂಡು, ಮೇಲ್ಮುಖವಾಗಿ ಹೊಡೆದಾಗ ಒಂದು ಕಿಲೋಮೀಟರಿಗಿಂತಲೂ ಆಚೆ ಹೋಗಿ ಬೀಳಬಲ್ಲದು. 12 ಬೋರಿನ ಸಣ್ಣ ಚರೆಗಳು ಅಷ್ಟು ದೂರ ಸಾಗವು, ಆದರೆ ಒಂಟಿ ಗುಂಡಿನ ತೋಟಾ ಹಾಕಿದರೆ ಲೆಕ್ಕ ಬದಲಾಗುತ್ತದೆ. ಎತ್ತರದ ಮರಕ್ಕೆ ಕಾಯಿ ಕಟ್ಟಿ, ಹಿಂದೆ ಬರೀ ಆಕಾಶವಿರುವಂತೆ ನಿಲ್ಲಿಸಿದರೆ ತಪ್ಪಿದ ಪ್ರತಿ ಗುಂಡೂ ಪಕ್ಕದೂರಿನ ತೋಟಕ್ಕೋ ಕಾರ್ಮಿಕರ ಲೈನ್‌ಮನೆಗೋ ಹೋಗಬಹುದು. ಹಿಂದೆ ದಟ್ಟ ಮಣ್ಣಿನ ಬರೆ ಇರುವ ಕಡೆ, ಆ ಬರೆಯ ತಲೆಗಿಂತ ಎಷ್ಟೋ ಕೆಳಗೆ ಕಾಯಿ ಇರುವಂತೆ ನೋಡಿಕೊಂಡರೆ ಈ ಭಯವಿಲ್ಲ. ನಮ್ಮ ಗುಡ್ಡಗಾಡು ನಾಡಿನಲ್ಲಿ ಇಂತಹ ಜಾಗಕ್ಕೆ ಬರವಿಲ್ಲ. ಎತ್ತರಕ್ಕೆ ಕಟ್ಟಿದರೇ ಸಂಪ್ರದಾಯ ಎಂದು ಹಟ ಹಿಡಿಯುವ ಆಯೋಜಕರೊಡನೆ ನಾನು ಖಂಡಿತ ಒಪ್ಪುವುದಿಲ್ಲ. ದಿನವಿಡೀ ಕೆಂಪು ಬಾವುಟದೊಂದಿಗೆ, ಗುಂಡು ಹೊಡೆಯುವವರು ನಿಲ್ಲುವ ಗೆರೆಯನ್ನು ಕಾಯುವ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಇರಲೇಬೇಕು, ತೋಟಾ ತುಂಬುವುದು ಗೆರೆಯ ಮೇಲೆ ನಿಂತ ಮೇಲೆಯೇ ಆಗಬೇಕು, ಮದ್ಯ ಸೇವಿಸಿದವರು ಎಷ್ಟೇ ದೊಡ್ಡ ಮನುಷ್ಯರಾದರೂ ಅವರ ಕೈಗೆ ಕೋವಿ ಕೊಡಬಾರದು.

ಆಕಾಶಕ್ಕೆ ಗುಂಡು ಹಾರಿಸುವ ವಿಚಾರದಲ್ಲೂ ಇದೇ ಎಚ್ಚರಿಕೆ ಬೇಕು. ಮಗು ಹುಟ್ಟಿದಾಗ, ಸಾವಾದಾಗ, ಕದಿರು ತೆಗೆಯುವಾಗ ಈಡು ಹೊಡೆಯುವುದು ನಮ್ಮ ಹಿರಿಯರು ಊರಿಗೆ ಸುದ್ದಿ ಮುಟ್ಟಿಸಿದ ಬಗೆ. ಮದುವೆಯ ದಿಬ್ಬಣದಲ್ಲಿ ಮೊಬೈಲ್ ಚಿತ್ರಕ್ಕೆಂದು ಹಾರಿಸುವುದು ಆ ಸಾಲಿಗೆ ಸೇರುವುದಿಲ್ಲ. ಸಾರ್ವಜನಿಕ ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸಿದವರಿಗೆ 2019ರ ತಿದ್ದುಪಡಿ ಎರಡು ವರ್ಷಗಳವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆಚರಣೆಗೆ ಗುಂಡಿಲ್ಲದ, ಮದ್ದು ಮಾತ್ರ ಇರುವ ತೋಟಾ ಬಳಸಿದರೆ ಸದ್ದಿಗೂ ಕೊರತೆಯಾಗದು, ಆಚರಣೆಗೂ ಲೋಪ ಬಾರದು. ಬೇಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದಿದೆ. ಗುರಿಯ ಹವ್ಯಾಸದ ಹೆಸರಿನಲ್ಲಿ ಕಾಡಿಗೆ ನುಗ್ಗುವವರನ್ನು ಹವ್ಯಾಸಿಗಳೆಂದು ಕರೆಯುವುದನ್ನು ನಾವೇ ಮೊದಲು ನಿಲ್ಲಿಸಬೇಕು.

ಈಗ ಸಭಾಂಗಣದ ಮಾತು. ಹತ್ತು ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ನ ಸ್ಪರ್ಧೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಪಡೆದದ್ದೂ ಇದರಲ್ಲೇ. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಶೂಟಿಂಗ್‌ನಲ್ಲಿ ಭಾರತಕ್ಕೆ ಬಂದ ಮೂರು ಕಂಚುಗಳಲ್ಲಿ ಎರಡು ಹತ್ತು ಮೀಟರ್ ಏರ್ ಪಿಸ್ತೂಲಿನವು. ಸೈನ್ಯಕ್ಕೂ ಹಾಕಿಗೂ ಇಷ್ಟೊಂದು ಮಂದಿಯನ್ನು ಕೊಟ್ಟ, ಮನೆಮನೆಯಲ್ಲಿ ಕೋವಿಯಿರುವ ನಮ್ಮ ಜಿಲ್ಲೆಯ ಹೆಸರು ಆ ಪದಕ ವಿಜೇತರ ಸಾಲಿನಲ್ಲಿ ಇಲ್ಲವಲ್ಲ ಎಂಬ ಕೊರಗು ನನ್ನಂತಹ ಅನೇಕರದು. ಇದಕ್ಕೆ ನಮ್ಮ ಮಕ್ಕಳ ಕಣ್ಣು ಕೈಗಳನ್ನು ದೂರುವಂತಿಲ್ಲ. ಎನ್‌ಸಿಸಿ ಶಿಬಿರದಲ್ಲಿ ಒಮ್ಮೆ ಪಾಯಿಂಟ್ 22 ರೈಫಲ್ ಹಿಡಿದು ಚೆನ್ನಾಗಿ ಹೊಡೆದ ಹುಡುಗಿಗೆ ಮರುದಿನದಿಂದ ಅಭ್ಯಾಸ ಮಾಡಲು ಮನೆಯ ಹತ್ತಿರ ಜಾಗ ಬೇಕು. ಅದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಕಳುಹಿಸುವ ಶಕ್ತಿ ಎಲ್ಲ ತಂದೆತಾಯಿಯರಿಗೂ ಇರುವುದಿಲ್ಲ.

ಈ ಕ್ರೀಡೆಗೆ ಬೇಕಾಗುವ ಸಲಕರಣೆ ಹೆಚ್ಚಲ್ಲ. ರೈಫಲ್‌ನ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅದು ಹಾರಿಸುವ ಸೀಸದ ಪೆಲೆಟ್‌ನ ತೂಕ ಸುಮಾರು ಅರ್ಧ ಗ್ರಾಂ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ, ಸ್ಪರ್ಧೆಯ ರೈಫಲ್‌ಗಳ ಶಕ್ತಿಯಂತೂ ಅದರ ಅರ್ಧಕ್ಕಿಂತ ಕಡಿಮೆ. ಗುರಿಯ ಹಾಳೆ ಅಂಗೈಯೊಳಗೆ ಅಡಗುವಷ್ಟು. ಅದರ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ತೆಂಗಿನಕಾಯಿಗೆ ಸಲೀಸಾಗಿ ಹೊಡೆಯುತ್ತೇನೆಂದು ಹೆಮ್ಮೆಪಡುವವರು ಇದರ ಮುಂದೆ ಒಮ್ಮೆ ನಿಂತು ನೋಡಬೇಕು. ಉಸಿರನ್ನು ಅರ್ಧ ಬಿಟ್ಟು ತಡೆಯುವುದು, ಟ್ರಿಗರ್ ಅನ್ನು ಎಳೆಯದೆ ಮೆಲ್ಲಗೆ ಒತ್ತುವುದು, ಗುಂಡು ಹೊರಟ ಮೇಲೂ ಗುರಿಯಿಂದ ಕಣ್ಣು ತೆಗೆಯದಿರುವುದು, ಇವೆಲ್ಲ ಅಲ್ಲಿ ತಿಂಗಳಲ್ಲೇ ರೂಢಿಯಾಗುತ್ತವೆ, ಮುಂದೆ ಯಾವ ಕೋವಿ ಹಿಡಿದರೂ ಜೊತೆಗಿರುತ್ತವೆ.

ಮದುವೆಗೆ ಐನೂರು ಜನ ಕೂರುವ ಸಭಾಂಗಣದಲ್ಲಿ ಗುರಿ ಮತ್ತು ಗೆರೆಯ ನಡುವೆ ಹತ್ತು ಮೀಟರ್ ಬಿಟ್ಟು, ಗೆರೆಯ ಹಿಂದೆ ಕಾಯುವವರಿಗೂ ಜಾಗ ಕೊಡಬಹುದು. ಗುರಿಯ ಮಧ್ಯಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ಹಿಂದೆ ಉಕ್ಕಿನ ಹಲಗೆ, ಅದರ ಮುಂದೆ ಪೆಲೆಟ್ ಸಿಡಿದು ಹಿಂದಕ್ಕೆ ಬಾರದಂತೆ ಹಿಡಿದುಕೊಳ್ಳುವ ಪೆಟ್ಟಿಗೆ ಇರಬೇಕು. ಗುರಿಯ ಕಡೆಯ ಬಾಗಿಲುಗಳಿಗೆಲ್ಲ ಒಳಗಿನಿಂದ ಅಗಣಿ ಹಾಕಬೇಕು. ಅಡುಗೆಮನೆಯ ಕಡೆಯಿಂದ ಯಾರಾದರೂ ತಿಳಿಯದೆ ಒಳಗೆ ಬರುವ ದಾರಿ ಪ್ರತಿಯೊಂದು ಸಭಾಂಗಣದಲ್ಲೂ ಇರುತ್ತದೆ, ಅದನ್ನು ಮರೆಯಬಾರದು. ಹೊಡೆಯದಿರುವಾಗ ನಳಿಗೆಯೊಳಗೆ ಬಣ್ಣದ ದಾರ ತೂರಿಸಿಟ್ಟರೆ ರೈಫಲ್ ಖಾಲಿ ಇರುವುದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಪೆಲೆಟ್ ಸೀಸದ್ದಾದ್ದರಿಂದ ಕಿಟಕಿಗಳು ತೆರೆದಿರಬೇಕು, ಅಭ್ಯಾಸದ ನಡುವೆ ತಿಂಡಿ ತಿನ್ನಬಾರದು, ಮುಗಿದ ಮೇಲೆ ಮಕ್ಕಳು ಸಾಬೂನು ಹಾಕಿ ಕೈ ತೊಳೆಯಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲವಾದರೂ ನಿಯಮಕ್ಕೆ ಒಳಪಟ್ಟು, ಹಿರಿಯರ ಮೇಲ್ವಿಚಾರಣೆಯಲ್ಲಿ ಗುರಿ ಅಭ್ಯಾಸ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಕಲಿಸುವವರು ಯಾರು ಎಂಬ ಪ್ರಶ್ನೆ ಬರಬಹುದು. ನಿವೃತ್ತ ಸೈನಿಕರಿಲ್ಲದ ಊರು ಕೊಡಗಿನಲ್ಲಿ ಸಿಗುವುದೇ ಕಷ್ಟ, ಅವರಲ್ಲಿ ಆಯುಧ ತರಬೇತಿಯನ್ನೇ ವೃತ್ತಿಯಾಗಿ ಮಾಡಿದವರೂ ಇದ್ದಾರೆ. ಕಕ್ಕಡದ ಮಳೆಯಲ್ಲಿ ತೋಟದ ಕೆಲಸವೂ ಬಹುಮಟ್ಟಿಗೆ ನಿಂತಿರುವುದರಿಂದ ಅವರ ಬಿಡುವೂ ಸಿಕ್ಕೀತು. ಪೊಲೀಸ್ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ, ಸಾಧ್ಯವಾದರೆ ಠಾಣಾಧಿಕಾರಿಯನ್ನೇ ಮೊದಲ ದಿನದ ಸುರಕ್ಷತಾ ಪಾಠಕ್ಕೆ ಆಹ್ವಾನಿಸುವುದು ಎಲ್ಲರಿಗೂ ಒಳ್ಳೆಯದು. ಹಳೆಯ ಕೋವಿಗಳ ಪರೀಕ್ಷೆಗೆ ಒಂದು ಭಾನುವಾರ ಮೀಸಲಿಟ್ಟು, ಮನೆಯವರು ಕೋವಿಯನ್ನು ಖಾಲಿ ಮಾಡಿ, ತೋಟಾಗಳನ್ನು ಮನೆಯಲ್ಲೇ ಬಿಟ್ಟು, ದಾಖಲೆಯೊಂದಿಗೆ ತಂದರೆ, ಬಂದೂಕು ದುರಸ್ತಿಯ ಪರವಾನಗಿ ಇರುವವರಿಂದ ನಳಿಗೆಯ ಸ್ಥಿತಿಯನ್ನು ನೋಡಿಸಿ, ಮುದ್ರೆಗಳನ್ನು ಓದಿಸಿ, ವಿವರ ಬರೆಸಿಕೊಳ್ಳಬಹುದು.

ಐದೂ ತಾಲ್ಲೂಕುಗಳಲ್ಲಿ ಒಮ್ಮೆಗೇ ಆಗಬೇಕೆಂದು ನಾನು ಕೇಳುತ್ತಿಲ್ಲ. ಯಾವುದಾದರೂ ಒಂದು ಸಮಾಜ, ಯಾವ ಸಮುದಾಯದ್ದೇ ಆಗಲಿ, ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಬರುವ ಕಕ್ಕಡದಲ್ಲಿ ತನ್ನ ಸಭಾಂಗಣವನ್ನು ತೆರೆದುಕೊಟ್ಟರೆ, ಉಕ್ಕಿನ ಹಲಗೆ ಮತ್ತು ಗುರಿಯ ಪೆಟ್ಟಿಗೆಗಳನ್ನು ನಮ್ಮ ತೋಟದ ಕಾರ್ಯಾಗಾರದಲ್ಲಿ ಮಾಡಿಸಿ ಒದಗಿಸಲು ನಾನು ಸಿದ್ಧನಿದ್ದೇನೆ. ಆಸಕ್ತ ಸಮಾಜಗಳ ಪದಾಧಿಕಾರಿಗಳು ತಮ್ಮ ಅಭಿಪ್ರಾಯವನ್ನು ಇದೇ ಅಂಕಣದ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಪೊನ್ನಂಪೇಟೆ ತಾಲ್ಲೂಕು, ಕೊಡಗು